ಸೊಂಟದ ಕೆಳಗಿನಿಂದ ಸಿಡಿಯುವ ಚೆಂಡು

1976ರ ಅಕ್ಟೋಬರ್ 31. ಬೆಂಗಳೂರಿನ ಇಂದಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ತಮ್ಮ ಮೊಟ್ಟಮೊದಲ ಅಧಿಕೃತ ಟೆಸ್ಟ್ ಪಂದ್ಯ ಆಡಲು ಇಳಿದರು. ಎದುರಾಳಿ ವೆಸ್ಟ್ ಇಂಡೀಸ್. ನಾಯಕಿ ಶಾಂತಾ ರಂಗಸ್ವಾಮಿ, ವಯಸ್ಸು ಇಪ್ಪತ್ತೆರಡು. ಪಂದ್ಯ ಡ್ರಾ ಆಯಿತು. ಮೂರು ವಾರ ಕಳೆಯುವುದರೊಳಗೆ ಪಟ್ನಾದಲ್ಲಿ ಇದೇ ತಂಡ ಐದು ವಿಕೆಟ್‌ಗಳಿಂದ ಗೆದ್ದಿತು. ಮರುವರ್ಷದ ಜನವರಿಯಲ್ಲಿ ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ ಶಾಂತಾ 108 ರನ್ ಹೊಡೆದು, ಟೆಸ್ಟ್ ಶತಕ ಬಾರಿಸಿದ ಭಾರತದ ಮೊದಲ ಮಹಿಳೆ ಎನಿಸಿದರು. ಅರ್ಜುನ ಪ್ರಶಸ್ತಿ ಪಡೆದ ಮೊದಲ ಕ್ರಿಕೆಟ್ ಆಟಗಾರ್ತಿಯೂ ಅವರೇ.

ಇಷ್ಟು ಸಂಗತಿ ಕ್ರೀಡಾ ರಸಪ್ರಶ್ನೆಯ ಪುಸ್ತಕಗಳಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿ ಬೇರೆ. ಕ್ರಿಕೆಟ್ ಬ್ಯಾಟು ಕೈಗೆ ಬರುವ ಮೊದಲು ಶಾಂತಾ ಆಡುತ್ತಿದ್ದ ಆಟಗಳಲ್ಲಿ ಸಾಫ್ಟ್‌ಬಾಲ್ ಕೂಡ ಒಂದು. ಕೂಡುಕುಟುಂಬದ ಅಂಗಳದಲ್ಲಿ ಮಕ್ಕಳೆಲ್ಲ ಸೇರಿ ಆಡುತ್ತಿದ್ದ ಟೆನಿಸ್ ಚೆಂಡಿನ ಕ್ರಿಕೆಟ್ಟು ಒಂದು ಕಡೆ, ಮೈದಾನದಲ್ಲಿ ಬಾಲ್ ಬ್ಯಾಡ್ಮಿಂಟನ್ ಮತ್ತು ಸಾಫ್ಟ್‌ಬಾಲ್ ಇನ್ನೊಂದು ಕಡೆ. ಹೆಣ್ಣುಮಕ್ಕಳಿಗೆ ಕ್ರಿಕೆಟ್ ಪಂದ್ಯಗಳೇ ಇಲ್ಲದ ಕಾಲವದು. ಭಾರತದಲ್ಲಿ ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1973ರಲ್ಲಿ, ಲಖನೌ ನಗರದಲ್ಲಿ. ಅದನ್ನು ಕಟ್ಟಿದ ಮಹೇಂದ್ರ ಕುಮಾರ್ ಶರ್ಮಾ ಅದಕ್ಕೆ ಮೊದಲು ಮಾಡುತ್ತಿದ್ದ ಕೆಲಸವೇನು ಗೊತ್ತೇ? ಹುಡುಗಿಯರಿಗಾಗಿ ಸಾಫ್ಟ್‌ಬಾಲ್ ಮತ್ತು ಹ್ಯಾಂಡ್‌ಬಾಲ್ ಪಂದ್ಯಾವಳಿ ನಡೆಸುವುದು! ಸಾಫ್ಟ್‌ಬಾಲಿನ ಅಂಗಳದಿಂದಲೇ ನಮ್ಮ ಮಹಿಳಾ ಕ್ರಿಕೆಟ್ಟು ಎದ್ದು ನಡೆಯಿತು ಎಂದರೆ ಅತಿಶಯೋಕ್ತಿಯೇನಲ್ಲ.

ಆದರೆ ಮಗಳು ಬೆಳೆದು ದೊಡ್ಡವಳಾದ ಮೇಲೆ ತಾಯಿಯನ್ನು ಮರೆತಂತಾಯಿತು. ಇಂದು ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಒಬ್ಬ ಹುಡುಗಿ ಶಾಲೆಯಿಂದ ಬಂದು "ಅಮ್ಮಾ, ನನ್ನನ್ನು ಸಾಫ್ಟ್‌ಬಾಲ್ ಟೀಮಿಗೆ ಆರಿಸಿದ್ದಾರೆ" ಎಂದರೆ, ಮನೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ, "ಹಾಗೆಂದರೇನು?" ಎರಡನೆಯದು, "ಅದರಿಂದ ಏನು ಪ್ರಯೋಜನ?" ಎರಡೂ ನ್ಯಾಯವಾದ ಪ್ರಶ್ನೆಗಳೇ.

ಮೆತ್ತಗಿಲ್ಲದ ಚೆಂಡು

ಹೆಸರನ್ನು ನಂಬಬೇಡಿ. ಸಾಫ್ಟ್‌ಬಾಲಿನ ಚೆಂಡು ಮೆತ್ತಗಿರುವುದಿಲ್ಲ. ಸುತ್ತಳತೆ 12 ಅಂಗುಲ, ತೂಕ ಹೆಚ್ಚುಕಡಿಮೆ 180ರಿಂದ 200 ಗ್ರಾಂ. ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಭಾರವೂ ಹೆಚ್ಚು. 1887ರಲ್ಲಿ ಅಮೆರಿಕದ ಷಿಕಾಗೋ ನಗರದ ಒಂದು ಕ್ಲಬ್ಬಿನ ಒಳಾಂಗಣದಲ್ಲಿ ಈ ಆಟ ಹುಟ್ಟಿದಾಗ ಚೆಂಡಾಗಿದ್ದದ್ದು ಹಗ್ಗದಿಂದ ಬಿಗಿದು ಕಟ್ಟಿದ ಮುಷ್ಟಿಯುದ್ಧದ ಕೈಗವಸು, ಬ್ಯಾಟಾಗಿದ್ದದ್ದು ಪೊರಕೆಯ ಹಿಡಿ. ಆಗ ಅದು ಮೆತ್ತಗಿದ್ದಿರಬೇಕು. ಆಮೇಲೆ ಚೆಂಡು ಗಟ್ಟಿಯಾಯಿತು, ಹೆಸರು ಮಾತ್ರ ಉಳಿಯಿತು.

ತಂಡಕ್ಕೆ ಒಂಬತ್ತು ಮಂದಿ. ಏಳು ಇನ್ನಿಂಗ್ಸ್. ಚೌಕಾಕಾರದ ಅಂಕಣದ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇಸ್‌ಗಳು. ಒಂದರಿಂದ ಇನ್ನೊಂದಕ್ಕೆ 60 ಅಡಿ. ಚೆಂಡನ್ನು ಹೊಡೆದವಳು ಒಂದೊಂದೇ ಬೇಸ್ ಮುಟ್ಟುತ್ತ ಸುತ್ತು ಮುಗಿಸಿ ಹೊರಟಲ್ಲಿಗೇ ಬಂದರೆ ಒಂದು ರನ್. ಮೂವರು ಔಟಾದರೆ ಎದುರಾಳಿಗಳ ಸರದಿ. ಲಗೋರಿ, ಖೋಖೋ ಆಡಿ ಬೆಳೆದ ಮಗುವಿಗೆ ಹತ್ತು ನಿಮಿಷದಲ್ಲಿ ತಿಳಿಯುವ ಆಟ.

ತಿಳಿಯುವುದು ಸುಲಭ, ಕಷ್ಟವಿರುವುದು ಚೆಂಡೆಸೆಯುವ ಪಿಚ್ಚರ್‌ಳ ತೋಳಿನಲ್ಲಿ. 'ಫಾಸ್ಟ್‌ಪಿಚ್' ಎಂಬ ಬಗೆಯ ಸಾಫ್ಟ್‌ಬಾಲಿನಲ್ಲಿ ಆಕೆ ತೋಳನ್ನು ತಲೆಯ ಮೇಲಿನಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಬಳಿ ಕೈ ಕೆಳಗಿರುವಾಗಲೇ ಚೆಂಡನ್ನು ಬಿಡಬೇಕು. ಭುಜದ ಮೇಲಿನಿಂದ ಎಸೆಯುವಂತಿಲ್ಲ. "ಕೈ ಕೆಳಗಿನಿಂದ ಎಸೆದರೆ ಎಷ್ಟು ವೇಗ ಬಂದೀತು?" ಎಂದು ಮೂಗು ಮುರಿಯುವವರುಂಟು. ಅಮೆರಿಕದ ಬೇಸ್‌ಬಾಲ್ ದಿಗ್ಗಜ ಟೆಡ್ ವಿಲಿಯಮ್ಸ್ ಅವರಿಗೆ 1961ರಲ್ಲಿ ಇದರ ಉತ್ತರ ಸಿಕ್ಕಿತು. ಕನೆಕ್ಟಿಕಟ್ ರಾಜ್ಯದ ವಾಟರ್‌ಬರಿಯಲ್ಲಿ ನಡೆದ ಪ್ರದರ್ಶನ ಪಂದ್ಯವೊಂದರಲ್ಲಿ ಜೋನ್ ಜಾಯ್ಸ್ ಎಂಬ ತರುಣಿಯ ಎಸೆತಗಳೆದುರು ಅವರು ಬ್ಯಾಟು ಬೀಸಿ ಬೀಸಿ ಸೋತು ಹಿಂದಿರುಗಿದರು.

ಒಂದು ಸಣ್ಣ ಲೆಕ್ಕ ಮಾಡೋಣ. ಮಹಿಳೆಯರ ಪಂದ್ಯದಲ್ಲಿ ಪಿಚ್ಚರ್‌ಗೂ ಬ್ಯಾಟುಗಾರ್ತಿಗೂ ನಡುವಿನ ದೂರ 43 ಅಡಿ, ಅಂದರೆ 13.11 ಮೀಟರ್. ಪಿಚ್ಚರ್ ಉದ್ದ ಹೆಜ್ಜೆಯಿಟ್ಟು ಮುಂದೆ ಚಾಚಿ ಎಸೆಯುವುದರಿಂದ ಚೆಂಡು ನಿಜವಾಗಿ ಸಾಗುವುದು ಹನ್ನೊಂದು ಮೀಟರಿಗಿಂತ ತುಸು ಹೆಚ್ಚು. ಗಂಟೆಗೆ 105 ಕಿಲೋಮೀಟರ್ ವೇಗದ ಎಸೆತ ಸೆಕೆಂಡಿಗೆ ಸುಮಾರು 29 ಮೀಟರ್ ಓಡುತ್ತದೆ. ಭಾಗಿಸಿ ನೋಡಿ: ಬ್ಯಾಟುಗಾರ್ತಿಗೆ ಸಿಗುವುದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ಮಾತ್ರ. ಗಂಟೆಗೆ 145 ಕಿಲೋಮೀಟರ್ ವೇಗದ ಬೇಸ್‌ಬಾಲ್ ಎಸೆತ 18.44 ಮೀಟರ್ ದೂರದಿಂದ ಬಂದು ಮುಟ್ಟುವುದಕ್ಕೂ ಹೆಚ್ಚುಕಡಿಮೆ ಇಷ್ಟೇ ಹೊತ್ತು ಬೇಕು. ವಿಲಿಯಮ್ಸ್ ಸೋತಿದ್ದರಲ್ಲಿ ಪವಾಡವೇನಿಲ್ಲ. ಮಹಿಳಾ ಕ್ರಿಕೆಟ್ಟಿನ ವೇಗದ ಬೌಲರನ್ನು ಎದುರಿಸುವವಳಿಗಾದರೋ ಅರ್ಧ ಸೆಕೆಂಡಿಗಿಂತ ಹೆಚ್ಚು ಸಮಯವಿರುತ್ತದೆ.

ಕವಣೆ ಮತ್ತು ಬಾರುಕೋಲು

ಈ ವೇಗ ಎಲ್ಲಿಂದ ಬರುತ್ತದೆ? ಹೊಲದ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವವರನ್ನು ನೆನಪಿಸಿಕೊಳ್ಳಿ. ಕಲ್ಲನ್ನು ದೊಡ್ಡ ವೃತ್ತದಲ್ಲಿ ತಿರುಗಿಸಿದಷ್ಟೂ ಅದರ ವೇಗ ಹೆಚ್ಚುತ್ತದೆ. ಬಿಟ್ಟ ಕ್ಷಣದಲ್ಲಿ ಅದು ವೃತ್ತದ ಸ್ಪರ್ಶರೇಖೆಯಲ್ಲಿ ಸಿಡಿದುಹೋಗುತ್ತದೆ. ಪಿಚ್ಚರ್‌ಳ ತೋಳೇ ಕವಣೆಯ ಹಗ್ಗ. ತೋಳು ಉದ್ದವಿದ್ದಷ್ಟೂ, ವೇಗವಾಗಿ ತಿರುಗಿದಷ್ಟೂ ಚೆಂಡಿನ ವೇಗ ಹೆಚ್ಚು.

ಆದರೆ ಬರೀ ತೋಳು ತಿರುಗಿಸುವ ಹುಡುಗಿ ಬೇಗನೆ ದಣಿಯುತ್ತಾಳೆ, ವೇಗವೂ ಬರುವುದಿಲ್ಲ. ಇಲ್ಲಿ ಎತ್ತಿನ ಬಾರುಕೋಲನ್ನು ನೋಡಿ ಕಲಿಯಬೇಕು. ಹಿಡಿಯನ್ನು ಬೀಸಿ ತಟ್ಟನೆ ತಡೆದರೆ, ಹಿಡಿಯಲ್ಲಿದ್ದ ಚಲನೆ ಬಾರಿನ ತುದಿಗೆ ಹರಿದು 'ಛಟಾರ್' ಎನ್ನುತ್ತದೆ. ಹಾಗೆಯೇ ಕಾಲು ನೆಲವನ್ನು ಒದೆಯುತ್ತದೆ, ಮುಂಗಾಲು ಗಟ್ಟಿಯಾಗಿ ಊರಿ ದೇಹವನ್ನು ತಡೆಯುತ್ತದೆ, ಸೊಂಟ ತಿರುಗುತ್ತದೆ, ಮೇಲ್ದೋಳು ಪಕ್ಕೆಯ ಬಳಿ ನಿಧಾನಿಸುತ್ತದೆ, ಮುಂದೋಳು ಹಾರುತ್ತದೆ, ಕೊನೆಗೆ ಮಣಿಕಟ್ಟು ಝಾಡಿಸುತ್ತದೆ. ಕಾಲಿನಲ್ಲಿ ಹುಟ್ಟಿದ ಶಕ್ತಿ ಬೆರಳ ತುದಿಗೆ ಬರುವುದು ಹೀಗೆ. ಒಂದು ಕೊಂಡಿ ಹೆಚ್ಚುಕಡಿಮೆಯಾದರೂ ಆ ಭಾರವನ್ನೆಲ್ಲ ಹೊರಬೇಕಾದ್ದು ಭುಜ.

ಇನ್ನು 'ರೈಸ್ ಬಾಲ್' ಎಂಬ ಎಸೆತ. ಹತ್ತಿರ ಬಂದ ಚೆಂಡು ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿಯಿತು ಎಂದು ಆಟಗಾರ್ತಿಯರು ಆಣೆಯಿಟ್ಟು ಹೇಳುತ್ತಾರೆ. ಭೌತಶಾಸ್ತ್ರ ಒಪ್ಪುವುದಿಲ್ಲ! ಕೆಳಗಿನಿಂದ ಮೇಲ್ಮುಖವಾಗಿ ಹೊರಟ ಚೆಂಡು ಏರುವುದು ನಿಜ. ಹಿಂದಕ್ಕೆ ಗಿರಗಿರನೆ ಸುತ್ತುವುದರಿಂದ ಗಾಳಿ ಅದನ್ನು ಮೇಲಕ್ಕೆ ಒತ್ತುವುದೂ ನಿಜ. ಮ್ಯಾಗ್ನಸ್ ಪರಿಣಾಮವೆಂದರೆ ಇದೇ. ಆದರೆ ನಡುದಾರಿಯಲ್ಲಿ ಮೇಲಕ್ಕೆ ಬಾಗಬೇಕಾದರೆ ಆ ಒತ್ತಡ ಚೆಂಡಿನ ತೂಕವನ್ನೇ ಮೀರಬೇಕು. ಮನುಷ್ಯರ ಎಸೆತದಲ್ಲಿ ಹಾಗಾಗುವುದಿಲ್ಲ. ಚೆಂಡು ಇಷ್ಟು ಕೆಳಗೆ ಬೀಳುತ್ತದೆ ಎಂದು ಮಿದುಳು ಅಂದಾಜು ಮಾಡಿರುತ್ತದೆ. ಅದು ಅಷ್ಟು ಬೀಳುವುದಿಲ್ಲ. ಆ ವ್ಯತ್ಯಾಸವೇ 'ಜಿಗಿತ'ವಾಗಿ ಕಾಣುತ್ತದೆ. ಮೋಸ ಹೋಗುವುದು ಕಣ್ಣಲ್ಲ, ಲೆಕ್ಕಾಚಾರ.

ನಾನೂರ ಹದಿಮೂರು ಎಸೆತ

ಒಬ್ಬ ಹುಡುಗಿ ಈ ಆಟದಲ್ಲಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಜಪಾನಿನ ಯುಕಿಕೊ ಉಎನೊ ನಿದರ್ಶನ. 1982ರಲ್ಲಿ ಫುಕುಓಕಾದಲ್ಲಿ ಹುಟ್ಟಿದ ಈಕೆ ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ಸಾಫ್ಟ್‌ಬಾಲ್ ಹಿಡಿದವಳು. 1999ರಲ್ಲಿ ಕಿರಿಯರ ವಿಶ್ವ ಚಾಂಪಿಯನ್ ತಂಡದಲ್ಲಿದ್ದಳು. ಶಾಲೆಯಲ್ಲಿ ಹೈಜಂಪ್ ಮಾಡುವಾಗ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ಆಟದಿಂದ ದೂರವಿದ್ದದ್ದೂ ಉಂಟು. ಚೇತರಿಸಿಕೊಂಡು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಳು.

ಮುಂದಿನದು 2008ರ ಬೀಜಿಂಗ್. ಆಗಸ್ಟ್ 20ರಂದು ಒಂದೇ ದಿನ ಎರಡು ಪಂದ್ಯ. ಅಮೆರಿಕದೆದುರು ಒಂಬತ್ತು ಇನ್ನಿಂಗ್ಸ್ ಆಡಿ ಸೋಲು, ಅಂದೇ ಆಸ್ಟ್ರೇಲಿಯಾದೆದುರು ಹನ್ನೆರಡು ಇನ್ನಿಂಗ್ಸ್ ಆಡಿ ಗೆಲುವು. ಮರುದಿನ ಫೈನಲ್‌ನಲ್ಲಿ ಮತ್ತೆ ಅಮೆರಿಕ, ಮೂರು ಒಲಿಂಪಿಕ್ಸ್‌ಗಳಲ್ಲಿ ಸತತವಾಗಿ ಚಿನ್ನ ಗೆದ್ದಿದ್ದ ತಂಡ. ಮೂರೂ ಪಂದ್ಯಗಳಲ್ಲಿ ಜಪಾನಿನ ಪರ ಎಸೆದವಳು ಉಎನೊ ಒಬ್ಬಳೇ. ಎರಡು ದಿನಗಳಲ್ಲಿ 413 ಎಸೆತ. ಜಪಾನ್ 3-1ರಿಂದ ಗೆದ್ದಿತು.

ಆನಂತರ ನಡೆದದ್ದು ವಿಚಿತ್ರ. ಸಾಫ್ಟ್‌ಬಾಲನ್ನು ಒಲಿಂಪಿಕ್ಸ್‌ನಿಂದ ಕೈಬಿಡಬೇಕೆಂದು 2005ರಲ್ಲೇ ತೀರ್ಮಾನವಾಗಿತ್ತು. 2012ರಲ್ಲೂ 2016ರಲ್ಲೂ ಅದು ಇರಲಿಲ್ಲ. ಆಟದ ಉತ್ತುಂಗದಲ್ಲಿದ್ದ ಆಟಗಾರ್ತಿಗೆ ಆಡಲು ಒಲಿಂಪಿಕ್ಸೇ ಇಲ್ಲ! ಉಎನೊ ತನ್ನ ದೇಶದ ಲೀಗಿನಲ್ಲಿ ಆಡುತ್ತಲೇ ಉಳಿದಳು. 2019ರಲ್ಲಿ ಚೆಂಡು ಬಡಿದು ದವಡೆ ಮುರಿಯಿತು, ಮತ್ತೆ ಬಂದಳು. 2021ರ ಜುಲೈ 27ರಂದು ಯೊಕೊಹಾಮಾದಲ್ಲಿ, 39ನೆಯ ವಯಸ್ಸಿನಲ್ಲಿ, ಅಮೆರಿಕವನ್ನು 2-0ಯಿಂದ ಸೋಲಿಸಿದ ಫೈನಲ್‌ನಲ್ಲಿ ಮತ್ತೆ ಅವಳದೇ ತೋಳು. ಆದರೆ ಈ ಸಲ ಒಂದು ವ್ಯತ್ಯಾಸವಿತ್ತು. ಆರನೆಯ ಇನ್ನಿಂಗ್ಸ್‌ನಲ್ಲಿ ಅವಳನ್ನು ಹೊರಗೆ ಕರೆಸಿ, ಇಪ್ಪತ್ತರ ಹರೆಯದ ಎಡಗೈ ಪಿಚ್ಚರ್ ಮಿಯು ಗೊಟೊ ಕೈಗೆ ಚೆಂಡು ಕೊಟ್ಟರು. ಕಡೆಯ ಇನ್ನಿಂಗ್ಸ್‌ಗೆ ಮಾತ್ರ ಉಎನೊ ಮರಳಿದಳು.

ಪಾಲಕರು ಗಮನಿಸಬೇಕಾದದ್ದು ಈ ಎರಡನೆಯ ಫೈನಲ್ಲನ್ನು. 413 ಎಸೆತ ರೋಮಾಂಚನದ ಸಂಗತಿ, ಆದರೆ ಶಾಲಾ ಬಾಲಕಿಗೆ ಅದು ಮಾದರಿಯಲ್ಲ. "ಕೈ ಕೆಳಗಿನ ಎಸೆತ ಸಹಜವಾದದ್ದು, ಭುಜಕ್ಕೆ ಏನೂ ಆಗದು" ಎಂದು ಬಹುಕಾಲ ನಂಬಲಾಗಿತ್ತು. ಪಿಚ್ಚರ್‌ಗಳ ತೋಳಿನ ಮೇಲೆ ಬೀಳುವ ಬಲವನ್ನು ಅಳೆದು ನೋಡಿದಾಗ ಅದು ಬೇಸ್‌ಬಾಲ್ ಎಸೆತಗಾರರದಕ್ಕೆ ಸರಿದೂಗುವಷ್ಟಿದೆ ಎಂದು ತಿಳಿಯಿತು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಮೂಳೆಗಳ ತುದಿಯ ಬಳಿ ಬೆಳೆಯುವ ಭಾಗ ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತದೆ. ತಂಡಕ್ಕೆ ಒಬ್ಬಳೇ ಒಳ್ಳೆಯ ಪಿಚ್ಚರ್ ಇದ್ದರೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅವಳಿಂದಲೇ ಎಸೆಸುವ ಆಸೆ ಯಾರಿಗಾದರೂ ಹುಟ್ಟೀತು. ಆಗ ಎಸೆತಗಳನ್ನು ಎಣಿಸುವ ಒಬ್ಬರು ಅಂಕಣದ ಪಕ್ಕದಲ್ಲಿ ಕೂತಿರಬೇಕು. ಆ ಕೆಲಸಕ್ಕೆ ಅಪ್ಪನಿಗಿಂತ ತಕ್ಕವರು ಯಾರು? ಭುಜ ನೋಯುತ್ತಿದೆ ಎಂದು ಮಗಳು ಹೇಳಿದರೆ ಎಣ್ಣೆ ಸವರಿ ಮರುದಿನ ಮತ್ತೆ ಮೈದಾನಕ್ಕೆ ಕಳಿಸುವುದಲ್ಲ. ಕೆಲವು ದಿನ ಬಿಡಿಸಿ, ನೋವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸುವುದು.

ಮೂವತ್ತೈದು ಅಡಿಯಿಂದ

ಅಮೆರಿಕದಲ್ಲಿ ಹುಡುಗಿಯರನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ಹತ್ತು ವರ್ಷದೊಳಗಿನವರಿಗೆ 11 ಅಂಗುಲದ ಚಿಕ್ಕ ಚೆಂಡು, 35 ಅಡಿ ದೂರ. ಹನ್ನೆರಡರೊಳಗಿನವರಿಗೆ 12 ಅಂಗುಲದ ಚೆಂಡು, 40 ಅಡಿ. ಅದಕ್ಕೂ ಮೇಲೆ ಪೂರ್ತಿ 43 ಅಡಿ. ದೂರ ಹೆಚ್ಚಿದ ವರ್ಷ ಬಹಳಷ್ಟು ಹುಡುಗಿಯರ ಎಸೆತ ಗುರಿ ತಪ್ಪುತ್ತದೆ. ನಿನ್ನೆಯವರೆಗೆ ಗೆಲ್ಲುತ್ತಿದ್ದವಳು ಇದ್ದಕ್ಕಿದ್ದಂತೆ ಸೋಲತೊಡಗುತ್ತಾಳೆ. ಆಟ ಬಿಡುವ ಮಾತು ಹುಟ್ಟುವುದೇ ಆಗ. ನಮ್ಮಲ್ಲಿ ಅದರ ಜೊತೆಗೆ ಒಂಬತ್ತನೆಯ ತರಗತಿ ಬಂದಿರುತ್ತದೆ, ಎಸ್ಸೆಸ್ಸೆಲ್ಸಿಯ ನೆರಳು ಬಿದ್ದಿರುತ್ತದೆ. ಎರಡೂ ಒಟ್ಟಿಗೆ ಬಂದರೆ ಕಿಟ್ ಬ್ಯಾಗು ಅಟ್ಟಕ್ಕೆ ಏರುತ್ತದೆ. ಗಂಡುಮಕ್ಕಳ ಬ್ಯಾಗಿಗಿಂತ ಹೆಣ್ಣುಮಕ್ಕಳ ಬ್ಯಾಗೇ ಬೇಗ ಏರುತ್ತದೆ ಎಂಬುದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

"ಏನು ಪ್ರಯೋಜನ?" ಎಂಬ ಎರಡನೆಯ ಪ್ರಶ್ನೆ ಇನ್ನೂ ಬಾಕಿಯಿದೆ. ಸಾಫ್ಟ್‌ಬಾಲಿನಲ್ಲಿ ಹಣ, ಹೆಸರು ಕ್ರಿಕೆಟ್ಟಿನಷ್ಟಿಲ್ಲ. ಸುಳ್ಳು ಹೇಳಿ ಆಸೆ ಹುಟ್ಟಿಸುವುದು ಬೇಡ. ಶಾಲಾ ಕ್ರೀಡಾಕೂಟಗಳಲ್ಲಿ ಅದಕ್ಕೆ ಸ್ಥಾನವಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಪಟ್ಟಿಗೆ ಸಾಫ್ಟ್‌ಬಾಲೂ ಕ್ರಿಕೆಟ್ಟೂ ಜೊತೆಯಾಗಿ ಸೇರಿವೆ. ಸಾಫ್ಟ್‌ಬಾಲಿನಲ್ಲಿ ಕಲಿತ ಎಸೆತ, ಓಟ, ಕ್ಷಣಾರ್ಧದ ನಿರ್ಧಾರ ಯಾವ ಆಟಕ್ಕೆ ಹೋದರೂ ಜೊತೆಗೆ ಬರುತ್ತವೆ. ಶಾಂತಾ ಅವರ ಪೀಳಿಗೆಯ ಹುಡುಗಿಯರೂ ಲಾಭ ಲೆಕ್ಕ ಹಾಕಿ ಮೈದಾನಕ್ಕೆ ಇಳಿದವರಲ್ಲ. ಇಡೀ ತಂಡಕ್ಕೆ ಮೂರೇ ಬ್ಯಾಟುಗಳಿದ್ದವು, ರಿಸರ್ವೇಷನ್ ಇಲ್ಲದ ರೈಲುಡಬ್ಬಿಯಲ್ಲಿ ಓಡಾಡುತ್ತಿದ್ದೆವು ಎಂದು ಆ ದಿನಗಳನ್ನು ಶಾಂತಾ ನೆನೆದಿದ್ದಾರೆ. ಕ್ರಿಕೆಟ್ ಮಂಡಳಿ ಮಹಿಳೆಯರಿಗೂ ಪುರುಷರಷ್ಟೇ ಪಂದ್ಯ ಸಂಭಾವನೆ ಘೋಷಿಸಿದ್ದು 2022ರಲ್ಲಿ. ಏಕದಿನ ವಿಶ್ವಕಪ್ ಭಾರತದ ಮಹಿಳೆಯರ ಕೈಸೇರಿದ್ದು 2025ರ ನವೆಂಬರ್ 2ರಂದು, ನವಿ ಮುಂಬಯಿಯಲ್ಲಿ. ಪಟ್ನಾದ ಆ ಗೆಲುವಿಗೂ ಇದಕ್ಕೂ ನಡುವೆ ನಲವತ್ತೊಂಬತ್ತು ವರ್ಷ.

ಬಸವೇಶ್ವರನಗರದ, ವಿಜಯನಗರದ ಆಟದ ಬಯಲುಗಳಲ್ಲಿ ಭಾನುವಾರ ಬೆಳಿಗ್ಗೆ ಟೆನಿಸ್ ಚೆಂಡು ಹಿಡಿದ ಹುಡುಗರದೇ ರಾಜ್ಯ. ಕೆಂಗೇರಿಯ ಕಡೆ ಹೋದರೆ ಜ್ಞಾನಭಾರತಿ ಆವರಣದಲ್ಲಿ ಕ್ರೀಡಾ ಪ್ರಾಧಿಕಾರದ ದೊಡ್ಡ ಕೇಂದ್ರವೇ ಇದೆ. ಅಲ್ಲಿಗೆ ತಲುಪುವುದು ಬಹಳ ಮುಂದಿನ ಮಾತು. ಪಿಚ್ಚರ್ ಆಗಬೇಕೆನ್ನುವ ಹುಡುಗಿಗೆ ಮೊದಲ ಪಾಠಕ್ಕೆ ಮೈದಾನವೇ ಬೇಕಿಲ್ಲ. ಹಳೆಯ ಕಾಲುಚೀಲಗಳನ್ನು ಬಿಗಿಯಾಗಿ ಸುತ್ತಿ ಉಂಡೆ ಮಾಡಿ, ಗೋಡೆಯಿಂದ ಎರಡು ಮಾರು ದೂರದಲ್ಲಿ ನಿಂತು, ತೋಳನ್ನು ಪಕ್ಕೆಗೆ ಇಳಿಬಿಟ್ಟು, ಮಣಿಕಟ್ಟು ಮಾತ್ರ ಝಾಡಿಸಿ ಎಸೆಯಬೇಕು. ದಿನಕ್ಕೆ ಹತ್ತು ನಿಮಿಷ ಸಾಕು. ಪಕ್ಕದ ಮನೆಯವರಿಗೆ ಸದ್ದೂ ಕೇಳಿಸುವುದಿಲ್ಲ.