ಸಂಗೀತ ಮಿಶ್ರಣಕ್ಕೆ ಎಂತಹ ಹೆಡ್‌ಫೋನು?

ಗಾಯಕನ ಕಂಠ, ವೀಣೆ, ತಬಲಗಳನ್ನು ಬೇರೆಬೇರೆಯಾಗಿ ಮುದ್ರಿಸಿಕೊಂಡು, ಒಂದೊಂದರ ಗಟ್ಟಿತನವನ್ನೂ ಗುಣವನ್ನೂ ಹದಗೊಳಿಸಿ ಒಂದೇ ಹಾಡಾಗಿ ಕೂಡಿಸುವ ಕೆಲಸಕ್ಕೆ ಮಿಶ್ರಣ ಅಥವಾ ಮಿಕ್ಸಿಂಗ್ ಎಂದು ಹೆಸರು. ಹಿಂದೆ ದೊಡ್ಡ ಸ್ಟುಡಿಯೋಗಳಲ್ಲಿ ಮಾತ್ರ ನಡೆಯುತ್ತಿದ್ದ ಈ ಕೆಲಸವನ್ನು ಇಂದು ಕಾಲೇಜು ವಿದ್ಯಾರ್ಥಿಯೊಬ್ಬನು ತನ್ನ ಕೊಠಡಿಯಲ್ಲಿಯೇ ಕಂಪ್ಯೂಟರಿನ ನೆರವಿನಿಂದ ಮಾಡಬಲ್ಲನು. ಆದರೆ ರಾತ್ರಿಯೆಲ್ಲ ಕುಳಿತು ಹದಗೊಳಿಸಿದ ಹಾಡು ಆತನ ಹೆಡ್‌ಫೋನಿನಲ್ಲಿ ತುಂಬಿ ತುಳುಕುತ್ತಿದ್ದು, ಮರುದಿನ ಗೆಳೆಯನ ಮನೆಯ ಸ್ಪೀಕರಿನಲ್ಲಿ ಸಪ್ಪೆಯಾಗಿ, ತಬಲದ ಡಗ್ಗಾ ಇದೆಯೋ ಇಲ್ಲವೋ ಎನ್ನುವಂತೆ ಕೇಳುವುದುಂಟು. ಹಾಡು ಅದೇ. ಹಾಗಾದರೆ ದೋಷವೆಲ್ಲಿಯದು?

ಅನೇಕ ವೇಳೆ ಅದು ಹೆಡ್‌ಫೋನಿನದೇ. ಅಂಗಡಿಗಳಲ್ಲಿ ದೊರೆಯುವ ಎಷ್ಟೋ ಹೆಡ್‌ಫೋನುಗಳು ಕೇಳುಗನನ್ನು ಮೆಚ್ಚಿಸಲೆಂದು ಮಂದ್ರ ಧ್ವನಿಗಳನ್ನು, ಎಂದರೆ ಸೆಕೆಂಡಿಗೆ ಸುಮಾರು 200ಕ್ಕಿಂತ ಕಡಮೆ ಕಂಪನಗಳುಳ್ಳ ಶಬ್ದಗಳನ್ನು, ಉಬ್ಬಿಸಿ ನುಡಿಸುತ್ತವೆ. ಮಿಶ್ರಣ ಮಾಡುವವನು ಡಗ್ಗಾ ಹೆಚ್ಚಾಯಿತೆಂದು ಬಗೆದು ಅದನ್ನು ತಗ್ಗಿಸುತ್ತಾನೆ. ಹೆಡ್‌ಫೋನು 6 ಡೆಸಿಬೆಲ್ ಕೂಡಿಸಿದ್ದರೆ ಈತನು 6 ಡೆಸಿಬೆಲ್ ಕಳೆದಿರುತ್ತಾನೆ. ಹೀಗೆ ಉಪಕರಣದ ದೋಷವು ತಲೆಕೆಳಗಾಗಿ ಹಾಡಿನಲ್ಲಿ ಅಚ್ಚೊತ್ತುತ್ತದೆ. ಬಣ್ಣದ ಕನ್ನಡಕ ಧರಿಸಿ ಚಿತ್ರ ಬರೆದಂತೆಯೇ ಸರಿ.

ಎಲ್ಲ ಕಂಪನಗಳನ್ನೂ ಸಮಬಲದಿಂದ ನುಡಿಸುವ ಹೆಡ್‌ಫೋನನ್ನು ಕೊಂಡರಾಯಿತು ಎನ್ನಬಹುದು. ವಿಷಯವು ಅಷ್ಟು ಸರಳವಲ್ಲ. ಏಕೆಂದರೆ ನಮ್ಮ ಕಿವಿಯೇ ಶಬ್ದವನ್ನು ಮಾರ್ಪಡಿಸುತ್ತದೆ. ಕಿವಿಯ ನಾಳವು ಸುಮಾರು 2.5 ಸೆಂಟಿಮೀಟರ್ ಉದ್ದದ, ಒಳತುದಿಯನ್ನು ಕಿವಿದಮಟೆಯು ಮುಚ್ಚಿರುವ ಕೊಳವೆ. ಇಂತಹ ಕೊಳವೆಯು ತನ್ನ ಉದ್ದದ ನಾಲ್ಕರಷ್ಟು ತರಂಗದೂರವುಳ್ಳ ಶಬ್ದಕ್ಕೆ ಅನುನಾದಗೊಳ್ಳುತ್ತದೆ. ಶಬ್ದದ ವೇಗವಾದ 343 ಮೀಟರನ್ನು 0.1 ಮೀಟರಿನಿಂದ ಭಾಗಿಸಿ ನೋಡಿ: 3430 ಹರ್ಟ್ಸ್. ಹೊರಕಿವಿಯ ಪ್ರಭಾವವೂ ಸೇರಿ, 3000 ಹರ್ಟ್ಸಿನ ಆಸುಪಾಸಿನ ಶಬ್ದಗಳು ಕಿವಿದಮಟೆಯನ್ನು ತಲಪುವ ವೇಳೆಗೆ 10 ಡೆಸಿಬೆಲ್ಲಿಗೂ ಮಿಗಿಲಾಗಿ ಬಲಗೊಂಡಿರುತ್ತವೆ. ಹುಟ್ಟಿದಂದಿನಿಂದ ಹೀಗೆಯೇ ಕೇಳುತ್ತ ಬಂದ ನಮಗೆ ಅದೇ ಸಹಜ. ಕಿವಿಯನ್ನು ಮುಚ್ಚಿ ಕೂರುವ ಹೆಡ್‌ಫೋನು ಈ ಏರ್ಪಾಟನ್ನು ಕೆಡಿಸುವುದರಿಂದ, ಕಳೆದುಹೋದ ಏರಿಕೆಯನ್ನು ಅದೇ ತುಂಬಿಕೊಡಬೇಕು.

ಎಷ್ಟು ತುಂಬಬೇಕು? ಹಾರ್ಮನ್ ಸಂಸ್ಥೆಯ ಶಾನ್ ಆಲಿವ್, ಟಾಡ್ ವೆಲ್ಟಿ ಮುಂತಾದವರು 2012ರ ಸುಮಾರಿನಿಂದ ಕೇಳುಗರ ಮೇಲೆ ಪ್ರಯೋಗಗಳನ್ನು ನಡೆಸಿ, ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರಿನಂತೆ ಕೇಳುವ ಹೆಡ್‌ಫೋನನ್ನೇ ಬಹುಮಂದಿ ಮೆಚ್ಚುವರೆಂದು ಕಂಡುಕೊಂಡರು. ಅದರಿಂದ ದೊರೆತ ವಕ್ರರೇಖೆಗೆ ಹೋಲಿಸಿ ಹೆಡ್‌ಫೋನುಗಳ ಅಳತೆಯ ನಕ್ಷೆಗಳನ್ನು ಪ್ರಕಟಿಸುವುದು ಈಗ ರೂಢಿಯಾಗಿದೆ. ಕೊಳ್ಳುವ ಮುನ್ನ ಆ ನಕ್ಷೆಯನ್ನು ನೋಡಬೇಕು. ಪೆಟ್ಟಿಗೆಯ ಮೇಲೆ 'ಸ್ಟುಡಿಯೋ' ಎಂದು ಅಚ್ಚಾಗಿರುವುದು ಯಾವ ಪ್ರಮಾಣವೂ ಅಲ್ಲ.

ಇನ್ನು ಬಟ್ಟಲಿನ ಬೆನ್ನಿನ ಮಾತು. ಹೆಡ್‌ಫೋನಿನೊಳಗಿನ ಪೊರೆಯು ಮುಂದಕ್ಕೆ ಮಾತ್ರವಲ್ಲ, ಹಿಂದಕ್ಕೂ ಶಬ್ದವನ್ನು ಹೊಮ್ಮಿಸುತ್ತದೆ. ಬೆನ್ನು ಮುಚ್ಚಿದ್ದರೆ ಆ ಅಲೆಯು ಬಡಿದು ಮರಳಿ ಧ್ವನಿಯನ್ನು ಕದಡಬಹುದು. ತೆರೆದಿದ್ದರೆ ಹೊರಗೆ ಹೋಗುತ್ತದೆ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು 1968ರಲ್ಲಿ ಹೊರತಂದ ಎಚ್‌ಡಿ 414 ತೆರೆದ ಬೆನ್ನಿನ ಹೆಡ್‌ಫೋನುಗಳಿಗೆ ದಾರಿ ಮಾಡಿತು. ಆದರೆ ತೆರೆದದ್ದು ಸೋರುತ್ತದೆ. ಹಾಡುವಾಗ ಧರಿಸಿದರೆ ಆ ಸೋರಿಕೆ ಮೈಕಿನೊಳಗೆ ನುಗ್ಗುತ್ತದೆ, ಬೀದಿಯ ಗದ್ದಲವೂ ಒಳಬರುತ್ತದೆ. ಹಾಡಿ ಮುದ್ರಿಸುವುದೂ ಮಿಶ್ರಣವೂ ಒಂದರಲ್ಲೇ ಆಗಬೇಕಾದವನು ಮುಚ್ಚಿದ್ದನ್ನು ಕೊಳ್ಳುವುದು ಲೇಸು. ಮಿಶ್ರಣವೊಂದಕ್ಕೇ ಆದರೆ ನನ್ನ ಮತ ತೆರೆದದ್ದಕ್ಕೆ. ತಂತಿಯಿಲ್ಲದವು ಈ ಕೆಲಸಕ್ಕೆ ಬೇಡ; ಅವುಗಳಲ್ಲಿ ಧ್ವನಿಯು ತಡವಾಗಿ ಬರುತ್ತದೆ.

ಓಮುಗಳ ಲೆಕ್ಕವನ್ನೂ ಮರೆಯಬಾರದು. ವೋಲ್ಟೇಜಿನ ವರ್ಗವನ್ನು ಓಮಿನಿಂದ ಭಾಗಿಸಿದರೆ ದೊರೆಯುವುದು ವಿದ್ಯುತ್ ಸಾಮರ್ಥ್ಯ. 1 ವೋಲ್ಟಿಗೆ 32 ಓಮಿನ ಹೆಡ್‌ಫೋನು ಸುಮಾರು 31 ಮಿಲಿವಾಟ್ ಪಡೆದರೆ, 300 ಓಮಿನ ಎಚ್‌ಡಿ 600 ಪಡೆಯುವುದು 3.3 ಮಾತ್ರ. ಇಂಥದಕ್ಕೆ ಪ್ರತ್ಯೇಕ ವರ್ಧಕ ಬೇಕಾಗಬಹುದು; ಬೆಲೆ ಕೇಳುವಾಗ ಅದನ್ನೂ ಕೂಡಿಸಿಕೊಳ್ಳಿ.

ಎಷ್ಟೇ ಉತ್ತಮವಾದರೂ ಹೆಡ್‌ಫೋನು ತಿಳಿಸಲಾರದ ಸಂಗತಿಯೊಂದುಂಟು. ಎಡಗಡೆಯ ಸ್ಪೀಕರಿನ ಶಬ್ದವು ತುಸು ತಡವಾಗಿ, ತುಸು ಕ್ಷೀಣವಾಗಿ ಬಲಗಿವಿಯನ್ನೂ ಮುಟ್ಟುತ್ತದೆ. ಹೆಡ್‌ಫೋನಿನಲ್ಲಿ ಈ ಬೆರಕೆಯಿಲ್ಲದ ಕಾರಣ ವಾದ್ಯಗಳು ಇರುವುದಕ್ಕಿಂತ ದೂರದೂರ ನಿಂತಂತೆ ತೋರುತ್ತವೆ. ಹಾಗೆಂದು ಸಣ್ಣ ಕೋಣೆಯ ಸ್ಪೀಕರನ್ನೇ ನಂಬುವಂತಿಲ್ಲ: 3 ಮೀಟರ್ ಅಂತರದ ಎರಡು ಗೋಡೆಗಳ ನಡುವೆ 57 ಹರ್ಟ್ಸಿನ ಧ್ವನಿಯು ಅನುನಾದಗೊಂಡು, ಒಂದೆಡೆ ಮೊರೆದು ಇನ್ನೊಂದೆಡೆ ಅಡಗಿಬಿಡುತ್ತದೆ. ಆದ್ದರಿಂದ ಹೆಡ್‌ಫೋನಿನಲ್ಲಿ ಮುಗಿಸಿದ್ದನ್ನು ಎರಡು ಮೂರು ಬಗೆಯ ಸ್ಪೀಕರುಗಳಲ್ಲಿ ಕೇಳಿ ತಿದ್ದಬೇಕು.

ಗಟ್ಟಿಯಾಗಿ ಕೇಳಿದಷ್ಟೂ ಮಂದ್ರವು ಹೆಚ್ಚಾಗಿ ತೋರುವುದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದರು. ಅಬ್ಬರದಲ್ಲಿ ಹದಗೊಳಿಸಿದ ಹಾಡು ಮೆಲ್ಲಗೆ ಕೇಳಿದಾಗ ಸೊರಗುವುದು ಇದರಿಂದಲೇ. ಅಬ್ಬರದಿಂದ ಕಿವಿಗೂ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಸೂಚಿಸಿರುವ ಮಿತಿ 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಂತೆ ಈ ಅವಧಿಯು ಅರ್ಧವಾಗುತ್ತದೆ. 89 ಡೆಸಿಬೆಲ್ಲಿನಲ್ಲಿ ಉಳಿಯುವುದು ಇಡೀ ವಾರಕ್ಕೆ 5 ಗಂಟೆ. ಮಿಶ್ರಣಕ್ಕೆ ಕುಳಿತ ಒಂದೇ ರಾತ್ರಿಯಲ್ಲಿ ಅದು ಮುಗಿದುಹೋಗುತ್ತದೆ.