ತಿದ್ದಿದ ಮುಖ

ಸಖರಾಯಪಟ್ಟಣದ ನಮ್ಮ ಮನೆಯ ನಡುಮನೆಯಲ್ಲಿ ಅರುವತ್ತು ವರ್ಷಕ್ಕೂ ಮೇಲ್ಪಟ್ಟು ತೂಗಿದ್ದ ಅಜ್ಜಿಯ ಚಿತ್ರವನ್ನು ಹೋದ ವರ್ಷ ಗೋಡೆಯಿಂದ ಇಳಿಸಬೇಕಾಯಿತು. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಎಡೆ ನಮ್ಮೂರು. ಶಕುನಗಿರಿಯ ಕಡೆಯಿಂದ ಗಾಳಿ, ಅಯ್ಯನಕೆರೆಯ ಕಡೆಯಿಂದ ತಂಪು. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಈ ಎರಡರ ನಡುವೆ ಸಿಕ್ಕಿ ಚಿತ್ರದ ಕಾಗದ ಸುಕ್ಕಾಗಿತ್ತು. ಒಲೆಯ ಹೊಗೆ ಅದನ್ನು ಕಂದಿಸಿತ್ತು. ಬೆಳ್ಳಿಹುಳು ಅಜ್ಜಿಯ ಸೆರಗನ್ನೂ ಎಡಗೆನ್ನೆಯ ಒಂದಂಚನ್ನೂ ಮೇದಿತ್ತು. ಅಣ್ಣತಮ್ಮಂದಿರ ಮನೆಗಳಿಗೆಲ್ಲ ಒಂದೊಂದು ಪ್ರತಿ ಬೇಕೆಂಬ ಬೇಡಿಕೆಯೂ ಇತ್ತು. ಹಳೆಯದರ ಹಾಗೆಯೇ ಹೊಸದೊಂದನ್ನು ಮಾಡಿಸುವ ಭಾರ ಮನೆಯಲ್ಲಿ ಕೆಲಸವಿಲ್ಲದೆ ಕುಳಿತ ನಿವೃತ್ತ ಮೇಷ್ಟರಾದ ನನ್ನ ಮೇಲೆ ಬಿತ್ತು.

ಆ ಚಿತ್ರ ತೆಗೆದದ್ದು 1958ರಲ್ಲಿ. ನನ್ನ ಚಿಕ್ಕಪ್ಪನಿಗೆ ಮುಂಬಯಿಯಲ್ಲಿ ಕೆಲಸ ಸಿಕ್ಕಿತ್ತು. ಹೊರಡುವ ಮುನ್ನ ತಾಯಿಯದೊಂದು ಫೋಟೋ ತನ್ನೊಡನೆ ಇರಬೇಕೆಂದು ಅವನು ಹಟ ಹಿಡಿದ. ಅಜ್ಜಿ ಒಲ್ಲೆನೆಂದಳು. ಕಾರಣವನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎಳವೆಯಲ್ಲಿ ಬಂದ ಸಿಡುಬು ಆಕೆಯ ಪ್ರಾಣವನ್ನು ಬಿಟ್ಟು ಮುಖವನ್ನು ಹಿಡಿದುಕೊಂಡಿತ್ತು. ಹಣೆ, ಕೆನ್ನೆ, ಮೂಗಿನ ತುದಿ, ಎಲ್ಲೆಲ್ಲಿಯೂ ಕುಳಿಗಳು. ನಾನಾದರೋ ಆ ಕುಳಿಗಳ ಮೇಲೆ ಬೆರಳಾಡಿಸುತ್ತ ನಿದ್ದೆ ಹೋದವನು. ಅಜ್ಜಿಯರೆಂದರೆ ಎಲ್ಲರ ಮುಖವೂ ಹೀಗೆಯೇ ಇರುತ್ತದೆಂದು ಬಹುಕಾಲ ತಿಳಿದಿದ್ದೆ.

ಕೊನೆಗೆ ಮಗನ ಹಟವೇ ಗೆದ್ದಿತು. ಬಸ್ಸಿನಲ್ಲಿ ಚಿಕ್ಕಮಗಳೂರಿನ ಒಂದು ಸ್ಟುಡಿಯೋಗೆ ಹೋದೆವು; ಎಂಟು ವರ್ಷದ ನಾನೂ ಸೆರಗು ಹಿಡಿದು ಹೊರಟಿದ್ದೆ. ಪರದೆಯ ಮೇಲೆ ಬರೆದ ಅರಮನೆಯ ಮೆಟ್ಟಿಲುಗಳ ಮುಂದೆ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಚಿತ್ರ ಹಿಡಿದರು. ವಾರದ ಬಳಿಕ ಕರಡು ಪ್ರತಿಯನ್ನು ನೋಡಲು ಮತ್ತೆ ಹೋದೆವು. ಕಿಟಕಿಯ ಬಳಿ ಇಳಿಜಾರು ಮೇಜಿನ ಮುಂದೆ ಕುಳಿತಿದ್ದ ವೃದ್ಧರೊಬ್ಬರು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, “ಕಲೆಗಳನ್ನೆಲ್ಲ ತೆಗೆದುಬಿಡಲೇ, ತಾಯಿ?” ಎಂದು ಕೇಳಿದರು. ಅಜ್ಜಿ ಕರಡನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, “ತೆಗೀರಪ್ಪ, ಮಗ ಗುರುತು ಹಿಡಿಯೋಷ್ಟು ಮಾತ್ರ ಬಿಡಿ” ಎಂದಳು. ಎಲ್ಲರೂ ನಕ್ಕರು. ಮನೆಗೆ ಬಂದ ಮೇಲೂ ಆ ಮಾತನ್ನು ಎಷ್ಟೋ ದಿನ ಹೇಳಿಕೊಂಡು ನಕ್ಕೆವು.

ಆ ವೃದ್ಧರ ಕಸಬನ್ನು ಇಂದಿನ ತರುಣರು ಕಂಡಿರಲಾರರು. ಅದನ್ನು ಕುರಿತು ಎರಡು ಮಾತು ಹೇಳಬೇಕು. ಆಗ ಕ್ಯಾಮರಾದೊಳಗೆ ಗಾಜಿನ ಫಲಕವನ್ನೋ ಫಿಲ್ಮಿನ ಹಾಳೆಯನ್ನೋ ಇಡುತ್ತಿದ್ದರು. ಅದರ ಮೇಲೆ ಮೂಡುವ ನೆಗೆಟಿವ್‌ನಲ್ಲಿ ಬೆಳಕು ಕಪ್ಪಾಗಿ, ನೆರಳು ತಿಳಿಯಾಗಿ ಕಾಣುತ್ತದೆ. ಮುಖದ ಕುಳಿಯಲ್ಲಿ ನಿಂತ ನೆರಳು ಅಲ್ಲಿ ಒಂದು ತಿಳಿಯಾದ ಚುಕ್ಕೆ. ಆ ಚುಕ್ಕೆಯನ್ನು ಸೀಸದಕಡ್ಡಿಯ ಮೊನೆಯಿಂದ ತುಂಬಿದರೆ ಬೆಳಕಿಗೆ ತಡೆಯಾಗಿ, ಕಾಗದದ ಮೇಲೆ ಆ ಎಡೆ ಸುತ್ತಲಿನ ಚರ್ಮದಷ್ಟೇ ಬೆಳ್ಳಗೆ ಬರುತ್ತದೆ. ಜೆಲಟಿನ್ನಿನ ನುಣುಪಿನ ಮೇಲೆ ಸೀಸ ನಿಲ್ಲದಾದ್ದರಿಂದ ಟರ್ಪೆಂಟೈನಿನಲ್ಲಿ ಕರಗಿಸಿದ ರಾಳವನ್ನು ಮೊದಲು ತೆಳ್ಳಗೆ ಸವರುತ್ತಿದ್ದರು. ಮೇಜಿನ ನಡುವೆ ಉಜ್ಜಿದ ಗಾಜು. ಅದರ ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ಹಾಯಿಸುವ ಕನ್ನಡಿ. ಸೂಜಿಯಂತೆ ಚೂಪುಮಾಡಿದ ಕಡ್ಡಿಯಿಂದ ಅಲ್ಪವಿರಾಮದಂಥ ಗೀರುಗಳನ್ನು ಒಂದರ ಪಕ್ಕದಲ್ಲಿ ಒಂದು ಇಡುತ್ತ ಹೋಗಬೇಕು. ಹೆಚ್ಚಾಯಿತೋ, ಮುಖ ಹಿಟ್ಟಿನ ಉಂಡೆ. ಕಡಮೆಯಾಯಿತೋ, ಗಿರಾಕಿಯ ಹಣ ದಂಡ. ಯಾವುದನ್ನಾದರೂ ಕಪ್ಪಾಗಿಸಬೇಕಾದರೆ ಸಣ್ಣ ಚೂರಿಯಿಂದ ಕೆರೆಯಬೇಕು. ಕೈ ತಪ್ಪಿದರೆ ಕೆರೆದದ್ದನ್ನು ಮತ್ತೆ ಕೂಡಿಸುವಂತಿಲ್ಲ.

ಈ ತಿದ್ದುವಿಕೆ ಬರಿಯ ಮುಖಸ್ತುತಿಗಾಗಿ ಹುಟ್ಟಿದ್ದೆಂದು ತಿಳಿಯಬಾರದು. ಮೊದಮೊದಲ ಫಲಕಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. 1873ರಲ್ಲಿ ಜರ್ಮನಿಯ ಹರ್ಮನ್ ವೋಗೆಲ್ ಬಣ್ಣದ ದ್ರವ್ಯ ಬೆರೆಸಿ ಅವುಗಳ ಕಣ್ಣನ್ನು ತುಸು ತೆರೆಸಿದ. ಎಲ್ಲ ಬಣ್ಣಗಳನ್ನೂ ಕಾಣುವ ಫಲಕಗಳು ಮಾರಾಟಕ್ಕೆ ಬಂದದ್ದು 1906ರಲ್ಲಿ. ಆಮೇಲೂ, ಕತ್ತಲೆಕೋಣೆಯಲ್ಲಿ ಕೆಂಪು ದೀಪ ಇಟ್ಟುಕೊಂಡು ಕೆಲಸ ಮಾಡುವ ಅನುಕೂಲಕ್ಕಾಗಿ, ಎಷ್ಟೋ ಸ್ಟುಡಿಯೋಗಳು ಕೆಂಪು ಕಾಣದ ಫಲಕಗಳನ್ನೇ ಬಳಸಿದವು. ನಮ್ಮ ಜನರ ಗೋಧಿವರ್ಣದಲ್ಲಿ ಬೆರೆತಿರುವ ಕೆಂಪು ಅವುಗಳ ಪಾಲಿಗೆ ಕತ್ತಲೆ. ಆದ್ದರಿಂದ ಮುಖ ಇದ್ದುದಕ್ಕಿಂತ ಕಪ್ಪಾಗಿ, ಕಲೆ ಇದ್ದುದಕ್ಕಿಂತ ಆಳವಾಗಿ, ಹಣೆಯ ಕುಂಕುಮ ಇದ್ದಿಲಿನ ಬೊಟ್ಟಾಗಿ ಬೀಳುತ್ತಿತ್ತು. ಯಂತ್ರದ ತಪ್ಪನ್ನು ಕೈ ಸರಿಪಡಿಸುತ್ತಿತ್ತು. ಕಪ್ಪಿನ ಮೇಲೆ ತಿಳಿಬಣ್ಣ ಹತ್ತುವುದಿಲ್ಲವಾಗಿ ಕುಂಕುಮಕ್ಕೆ ಗಟ್ಟಿಬಣ್ಣವನ್ನೇ ಇಡುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಅದು ಮಣಿಯಂತೆ ಉಬ್ಬಿ ನಿಂತಿರುವುದು ಅದಕ್ಕಾಗಿ. ಕೆನ್ನೆಗೆ ಹತ್ತಿಯಿಂದ ಒತ್ತಿದ ತಿಳಿಯಾದ ಎಣ್ಣೆಬಣ್ಣ, ಓಲೆಗೂ ಜರಿಯಂಚಿಗೂ ಹಳದಿಯ ಚುಕ್ಕೆ.

ಆ ಕೆನ್ನೆಯ ಗುಲಾಬಿ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ರಾಜಾ ರವಿವರ್ಮನ ಲಕ್ಷ್ಮೀ ಸರಸ್ವತಿಯರಿಂದ ಇಳಿದು ಬಂದದ್ದೆಂದು ನನ್ನ ಊಹೆ. ದೇವರ ಪಟದ ಪಕ್ಕದಲ್ಲಿ ತೂಗುವ ಚಿತ್ರಕ್ಕೆ ದೇವರ ಪಟದ ಬಣ್ಣವೇ ಹತ್ತಿತು. ಸಾಲ ಎರಡು ಕಡೆಗೂ ಇತ್ತು: ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಯ ಮೇಲಿರುವ ದಸರಾ ಮೆರವಣಿಗೆಯ ಚಿತ್ರಗಳನ್ನು ಕಲಾವಿದರು ಫೋಟೋಗಳನ್ನು ಆಧರಿಸಿ ಬರೆದರು.

ಇದೆಲ್ಲ ಸುಳ್ಳಲ್ಲವೇ ಎಂದು ಕೇಳುವವರಿದ್ದಾರೆ. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಮ್ಯೂನಿಕ್ಕಿನ ಹಾನ್ಫ್‌ಸ್ಟೆಂಗ್ಲ್ ತಿದ್ದಿದ ಮತ್ತು ತಿದ್ದದ ಪ್ರತಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ತೋರಿಸಿದ ದಿನದಿಂದ ಈ ಪ್ರಶ್ನೆ ಇದೆ. ಅದಕ್ಕೂ ಮೊದಲಿನ ಒಂದು ಚಿತ್ರ ನಮ್ಮ ನಾಡಿನದೇ ಇದೆ. ಸುಮಾರು 1805ರಲ್ಲಿ ಐರಿಶ್ ಚಿತ್ರಕಾರ ಥಾಮಸ್ ಹಿಕಿ ಬರೆದದ್ದೆನ್ನುವ ಆ ಚಿತ್ರದಲ್ಲಿ ಮೈಸೂರು ಅರಮನೆಯ ಮೂವರು ರಾಣಿಯರಿದ್ದಾರೆ. ಒಬ್ಬಾಕೆಯ ಮೂಗು ಬಾಯಿಗಳ ಸುತ್ತ ಬಣ್ಣ ಮಾಸಿದೆ. ಅದು ಹಳೆಯ ಪದ್ಧತಿಯಂತೆ ಸಿಡುಬಿನ ಒಣಕೀವನ್ನು ಮೂಗಿಗೆ ಊದಿಸಿಕೊಂಡ ಗುರುತೆಂದೂ, ಇನ್ನೊಬ್ಬಾಕೆ ಸೆರಗು ಸರಿಸಿ ತೋಳು ತೋರುತ್ತಿರುವುದು ಹೊಸದಾಗಿ ಬಂದ ದೇವಿ ಹಾಕುವಿಕೆಯ ಪ್ರಚಾರಕ್ಕಾಗಿ ಎಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ಅರ್ಥಮಾಡಿದ್ದಾರೆ. ಹಾಗಿದ್ದರೆ, ಎಂಥ ಮುಖವನ್ನೂ ನುಣ್ಣಗೆ ಬರೆಯಬಲ್ಲ ಕೈ ಅಲ್ಲಿ ಬೇಕೆಂದೇ ಕಲೆಯನ್ನು ಉಳಿಸಿತು. ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬುದು ಚಿತ್ರ ಯಾರಿಗಾಗಿ ಎಂಬುದನ್ನು ಅವಲಂಬಿಸಿದೆ.

ಈಗ ನನ್ನ ಕಥೆಗೆ ಬರುತ್ತೇನೆ. ಚಿತ್ರವನ್ನು ಕಡೂರಿಗೆ ಕೊಂಡೊಯ್ದೆ. ಮದುವೆಯ ಆಲ್ಬಮ್ಮುಗಳನ್ನು ಮಾಡುವ ತರುಣನೊಬ್ಬ ಚೌಕಟ್ಟಿನ ಮೊಳೆಗಳನ್ನು ಬಿಡಿಸಿದ. ಹಲಗೆಗೂ ಚಿತ್ರಕ್ಕೂ ನಡುವೆ ಇನ್ನೊಂದು ಕಾಗದ ಇತ್ತು. ತಿರುಗಿಸಿ ನೋಡಿದರೆ ಆ ದಿನದ ಕರಡು ಪ್ರತಿ! ಕುಳಿಗಳೆಲ್ಲ ಇದ್ದ, ಗುಲಾಬಿ ಹತ್ತದ, ನನ್ನ ಬೆರಳುಗಳು ಬಲ್ಲ ಮುಖ. ಎಪ್ಪತ್ತೈದು ದಾಟಿದ ನನಗೆ ಅಂಗಡಿಯಲ್ಲಿ ನಾಲ್ಕು ಜನರೆದುರು ಕಣ್ಣು ತುಂಬಿ ಬಂದದ್ದು ಸಂಕೋಚದ ಸಂಗತಿಯಾದರೂ ನಿಜ.

ತರುಣ ಹಳೆಯ ಚಿತ್ರವನ್ನು ಕಂಪ್ಯೂಟರಿಗೆ ಏರಿಸಿದ. 1990ರಲ್ಲಿ ಫೋಟೋಶಾಪ್ ಬಂದಂದಿನಿಂದ ಸೀಸದಕಡ್ಡಿಯ ಕೆಲಸ ಪರದೆಯ ಮೇಲೆ ನಡೆಯುತ್ತಿದೆ. ಪಕ್ಕದ ಚರ್ಮದ ನೆಯ್ಗೆಯನ್ನು ತಂದು ಕಲೆಯ ಮೇಲೆ ಹೊಂದಿಸುವ ಕುಂಚ ಅದಕ್ಕೆ 2002ರಲ್ಲಿ ಸೇರಿತು. ಈಗಂತೂ ಕೃತಕ ಬುದ್ಧಿ ಒಂದು ಗುಂಡಿ ಒತ್ತಿದರೆ ಹರಿದ ಮುಖವನ್ನು ತಾನೇ ತುಂಬುತ್ತದೆ. ಅವನು ಗುಂಡಿ ಒತ್ತಿದ. ಕ್ಷಣದಲ್ಲಿ ಒಬ್ಬ ಲಕ್ಷಣವಾದ ಹೆಂಗಸು ಕಾಣಿಸಿಕೊಂಡಳು. ಅವಳು ಯಾರ ಮನೆಯ ಅಜ್ಜಿಯೋ ನಾನರಿಯೆ. ಸಾವಿರಾರು ಮುಖಗಳನ್ನು ನೋಡಿ ಕಲಿತ ಯಂತ್ರ ಆ ಸಾವಿರಾರು ಮುಖಗಳನ್ನು ಅರೆದು ಒಂದನ್ನು ಕೊಟ್ಟಿತ್ತು.

“ಎಡಹುಬ್ಬಿನ ಮೇಲೆ ಎರಡು ಚುಕ್ಕೆ ಇದ್ದುವಲ್ಲ?” ಎಂದೆ.

“ಅವು ಹುಳು ತಿಂದ ಗುರುತು ಸಾರ್, ತೆಗೆದುಬಿಟ್ಟಿದೆ” ಎಂದ.

ಅವನಿಗೆ ಕರಡನ್ನು ಪಕ್ಕದಲ್ಲಿ ಇಟ್ಟು ತೋರಿಸಿದೆ. ಹಿಗ್ಗಿಸಿ ನೋಡಿದೆವು. ಹಣೆ ಕೆನ್ನೆಗಳ ಕುಳಿಗಳೆಲ್ಲ ಆ ವೃದ್ಧರ ಕಡ್ಡಿಯ ಗೀರುಗಳಿಂದ ತುಂಬಿದ್ದುವು. ಎಡಹುಬ್ಬಿನ ಮೇಲಿನ ಎರಡು ಕುಳಿಗಳನ್ನು ಮಾತ್ರ ಅವರು ಮುಟ್ಟಿರಲಿಲ್ಲ. ಅಜ್ಜಿಯ ಮಾತಿಗೆ ನಾವು ನಕ್ಕಿದ್ದೆವು. ಅವರು ಅದನ್ನು ಕೇಳಿಸಿಕೊಂಡಿದ್ದರು. ಮಗ ಗುರುತು ಹಿಡಿಯುವಷ್ಟು ಬಿಟ್ಟಿದ್ದರು.

ಅಲ್ಲಿಂದ ಮುಂದೆ ನಮ್ಮ ಕೆಲಸ ಯಾವ ಕಲೆ ಕಾಗದದ್ದು, ಯಾವ ಕಲೆ ಮುಖದ್ದು ಎಂದು ಬೇರ್ಪಡಿಸುವುದಾಯಿತು. ಯಂತ್ರಕ್ಕೆ ಎರಡೂ ಒಂದೇ. ಮೂರು ಭಾನುವಾರ ನಾನು ಅವನ ಪಕ್ಕದಲ್ಲಿ ಕುಳಿತು ಹುಳು ತಿಂದದ್ದನ್ನು ತೋರಿಸಿದೆ, ಸಿಡುಬು ತಿಂದದ್ದನ್ನು ತೋರಿಸಿದೆ. ಕೆನ್ನೆಯನ್ನು ಗುಂಡಿಯಿಂದ ನುಣ್ಣಗೆ ಮಾಡದೆ ಚಿಕ್ಕ ಚಿಕ್ಕ ಗೀರುಗಳಿಂದ ತುಂಬಿಸಿದ. ಗುಲಾಬಿಯನ್ನು ಅಡಿಯ ನೆರಳು ಕಾಣುವಷ್ಟು ತೆಳ್ಳಗೆ ಹರಡಿದ. ಕುಂಕುಮವನ್ನು ಉಬ್ಬಾಗಿಯೇ ಇಟ್ಟ. ಹಳೆಯವರ ಕೈ ಇಷ್ಟು ನಿಧಾನವೆಂದು ಗೊತ್ತಿರಲಿಲ್ಲವೆಂದು ಕೊನೆಯ ದಿನ ಅವನೇ ಹೇಳಿದ.

ಮನೆಯಲ್ಲಿ ಒಂದು ವಾಗ್ವಾದವಾಗದೆ ಇರಲಿಲ್ಲ. ತಂಗಿಗೂ ಮಕ್ಕಳಿಗೂ ಕರಡೇ ಮೆಚ್ಚಿಗೆ: “ಇದು ನಿಜವಾದ ಅಜ್ಜಿ, ಇದನ್ನೇ ತೂಗುಹಾಕೋಣ.” ನನ್ನ ಮನಸ್ಸೂ ಅತ್ತ ವಾಲಿತ್ತು. ಸಿಡುಬು ಭೂಮಿಯಿಂದ ತೊಲಗಿತೆಂದು 1980ರಲ್ಲಿ ಸಾರಿದ ಮೇಲೆ ಹುಟ್ಟಿದ ಮಕ್ಕಳಿಗೆ ಆ ಕುಳಿಗಳು ಇತಿಹಾಸ. ಅವುಗಳನ್ನು ಮುಖದ ಮೇಲೆ ಹೊತ್ತು ಬದುಕಿದವಳಿಗೆ ಹಾಗಿರಲಿಲ್ಲ. ಹೇಗೆ ಕಾಣಿಸಿಕೊಳ್ಳಬೇಕೆಂದು ಜೀವಮಾನದಲ್ಲಿ ಒಂದೇ ಸಲ ಯಾರೋ ಆಕೆಯನ್ನು ಕೇಳಿದ್ದರು. ಆಕೆ ಉತ್ತರ ಕೊಟ್ಟಿದ್ದಳು. ಅದನ್ನು ಮೀರುವ ಅಧಿಕಾರ ಮೊಮ್ಮಗನಾದ ನನಗೆ ಇದೆಯೆಂದು ಅನ್ನಿಸಲಿಲ್ಲ.

ಹೊಸ ಚಿತ್ರ ಈಗ ಹಳೆಯ ಮೊಳೆಗೇ ತೂಗುತ್ತಿದೆ. ಕರಡನ್ನು, ಮೊದಲು ಯಾರೋ ಇಟ್ಟಿದ್ದಂತೆಯೇ, ಚಿತ್ರದ ಹಿಂದೆ ಇಟ್ಟು ಮೊಳೆ ಹೊಡೆಸಿದ್ದೇನೆ. ಮಕ್ಕಳಿಗೆ ಅದು ಅಲ್ಲಿದೆಯೆಂದು ಹೇಳಿದ್ದೇನೆ.