ಒತ್ತಡ ಇಳಿಸುವ ಅವಸರ

ನೇತ್ರಾವತಿ ಕುಮಾರಧಾರೆಗಳು ಉಪ್ಪಿನಂಗಡಿಯಲ್ಲಿ ಕೂಡುತ್ತವೆ. ಮಳೆ ಬಿರುಸಾದ ವರ್ಷ ಎರಡು ಹೊಳೆಗಳೂ ಉಕ್ಕಿ, ಸಹಸ್ರಲಿಂಗೇಶ್ವರನ ದೇಗುಲದ ಮುಂದೆಯೇ ಒಂದಾಗುವುದುಂಟು. 1974ರ ನೆರೆಯನ್ನು ಹಿರಿಯರು ಇನ್ನೂ ಮರೆತಿಲ್ಲ. ಆದರೆ ನೀರು ಎಷ್ಟು ಮೊಳ ಏರಿತೆಂಬುದಕ್ಕಿಂತ ಯಾರ ಮನೆಯೊಳಗೆ ನುಗ್ಗಿತೆಂಬುದೇ ಹೊಳೆದಂಡೆಯವರ ಮೊದಲ ಪ್ರಶ್ನೆ. ಏರಿದ ರಕ್ತದೊತ್ತಡದ ವಿಷಯದಲ್ಲಿ ವೈದ್ಯನ ಮೊದಲ ಪ್ರಶ್ನೆಯೂ ಅದೇ.

ಒತ್ತಡ 180/120ನ್ನು ಮೀರಿತೆಂದೊಡನೆ ಮನೆಮಂದಿ ಕಂಗೆಡುವುದು ಸಹಜ. ಆದರೆ ಅಂಕಿಯೊಂದನ್ನೇ ನೋಡಿ ಅಪಾಯವನ್ನು ಅಳೆಯಲಾಗದು. ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಎದೆನೋವು, ಏದುಸಿರು, ದೃಷ್ಟಿ ಮಂಜಾಗುವುದು—ಇವುಗಳಲ್ಲಿ ಒಂದು ಕಂಡರೂ ನೆರೆ ಮನೆಯೊಳಗೆ ನುಗ್ಗಿದೆಯೆಂದೇ ತಿಳಿಯಬೇಕು. ಮೆದುಳು, ಹೃದಯ, ಮೂತ್ರಪಿಂಡಗಳಿಗೆ ಆಗ ಘಾಸಿ ತಟ್ಟುತ್ತಿರುತ್ತದೆ. ಇಂಥ ಯಾವ ಲಕ್ಷಣವೂ ಇಲ್ಲದವನಿಗೆ ಸಾಮಾನ್ಯವಾಗಿ ಬೇಕಾದುದು ವಿಶ್ರಾಂತಿ, ಮತ್ತೊಮ್ಮೆ ಅಳತೆ, ತಡಮಾಡದೆ ವೈದ್ಯರ ಸಲಹೆ, ಮತ್ತು ನಡುವೆ ಬಿಟ್ಟ ಮಾತ್ರೆಯ ಪುನರಾರಂಭ. ಮಾತ್ರೆ ಬಿಟ್ಟದ್ದೇ ಎಷ್ಟೋ ಅನರ್ಥಗಳ ಮೂಲ! ಗರ್ಭಿಣಿಯರ ಮಾತು ಬೇರೆ. ಅವರಲ್ಲಿ 160/110 ಕೂಡ ತುರ್ತೇ.

ಹಿಂದೆ ಮದ್ದೇ ಇರಲಿಲ್ಲವೆನ್ನಬೇಕು. 1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ಒತ್ತಡ 300/190ನ್ನು ಮುಟ್ಟಿತ್ತು. ನಾಲ್ಕು ವರ್ಷಗಳ ತರುವಾಯ, 1949ರಲ್ಲಿ, ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲರು ನಮ್ಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧಿಯ ಬೇರಿನ ಗುಣವನ್ನು ಬ್ರಿಟಿಷ್ ಹೃದಯ ಪತ್ರಿಕೆಯಲ್ಲಿ ಲೋಕಕ್ಕೆ ಸಾರಿದರು.

ಮದ್ದು ಬಂದ ಮೇಲೆ ಬೇರೊಂದು ಕಂಟಕ ಹುಟ್ಟಿತು: ಅವಸರ. ನಿಫೆಡಿಪಿನ್ ಗುಳಿಗೆಯನ್ನು ಒಡೆದು ನಾಲಗೆಯಡಿ ಹಿಂಡುವ ಪದ್ಧತಿ ಎಲ್ಲೆಡೆ ಹಬ್ಬಿತು. ಅಂಕಿ ಸರ್ರನೆ ಇಳಿಯುತ್ತಿತ್ತು; ಕೆಲವೊಮ್ಮೆ ರೋಗಿಗೆ ಪಾರ್ಶ್ವವಾಯುವೋ ಹೃದಯಾಘಾತವೋ ಆಗುತ್ತಿತ್ತು. ವರ್ಷಗಟ್ಟಲೆ ಹೆಚ್ಚಿನ ಒತ್ತಡಕ್ಕೆ ಒಗ್ಗಿದ ಮೆದುಳಿನ ಕಿರುನಾಳಗಳಿಗೆ ಥಟ್ಟನೆ ಇಳಿದ ಒತ್ತಡದಲ್ಲಿ ಸಾಕಷ್ಟು ರಕ್ತವನ್ನು ಹರಿಸಲು ಆಗದು. ಈ ಪದ್ಧತಿಯನ್ನು ಕೈಬಿಡಿರೆಂದು 1996ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ತಜ್ಞರು ಬರೆಯಬೇಕಾಯಿತು.

ಇಂದಿನ ನಿಯಮ ನಿಧಾನದ್ದು. ನಿಜವಾದ ತುರ್ತಿನಲ್ಲಿ ಲ್ಯಾಬೆಟಲಾಲ್‌ನಂಥ ಮದ್ದನ್ನು ರಕ್ತನಾಳದ ಮೂಲಕ ಕೊಟ್ಟು, ಮೊದಲ ಗಂಟೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಇಳಿಸದೆ, ಮುಂದಿನ ಎರಡರಿಂದ ಆರು ಗಂಟೆಗಳಲ್ಲಿ 160/100ರ ಸುತ್ತ ತರುತ್ತಾರೆ. ಮಹಾಧಮನಿಯ ಒಳಪದರ ಸೀಳಿದ್ದರೆ ಮಾತ್ರ ಕೂಡಲೆ ಇಳಿಸಬೇಕು. ಹೆಪ್ಪುಗಟ್ಟಿ ಬಂದ ಪಾರ್ಶ್ವವಾಯುವಿನಲ್ಲಾದರೋ, ಹೆಪ್ಪು ಕರಗಿಸುವ ಮದ್ದು ಕೊಡುವುದಿಲ್ಲವಾದರೆ, 220/120ರ ವರೆಗೂ ಬಹುವಾಗಿ ಮುಟ್ಟದೆ ಬಿಡುವುದುಂಟು.

ಉಪ್ಪಿನಂಗಡಿಯಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 50 ಕಿಲೋಮೀಟರ್. ಆ ದಾರಿಯ ಗಳಿಗೆಗಳಲ್ಲಿ ನೆರೆಮನೆಯವರ ಮಾತ್ರೆಯನ್ನು ಬಾಯಿಗಿಡುವುದಕ್ಕಿಂತ 108ಕ್ಕೆ ಕರೆಮಾಡುವುದು ಲೇಸು. ಹೆಪ್ಪು ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆಯ ಗಡುವುಂಟು. ಆದುದರಿಂದ ರೋಗಿ ನುಂಗುತ್ತಿದ್ದ ಮಾತ್ರೆಗಳ ಹೆಸರನ್ನೂ, ಮಾತು ತೊದಲಿದ ಹೊತ್ತನ್ನೂ ಚೀಟಿಯಲ್ಲಿ ಬರೆದು ಜತೆಗೆ ಕಳುಹಿಸಬೇಕು.